ಬೋನದ ಗುಲಾಬಿ

ಗುಲಾಬಿ ಹೂವನ್ನು ನಾನು ಮುಟ್ಟುವುದಿಲ್ಲ. ಮದುವೆ ಮನೆಗಳಲ್ಲಿ ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಒಂದೊಂದು ಗುಲಾಬಿ ಹಂಚುತ್ತಾರಲ್ಲ, ನಾನು ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡು ಒಳಗೆ ಹೋಗಿಬಿಡುತ್ತೇನೆ. ಸೊಕ್ಕಿನ ಮುದುಕಿ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಗುಲಾಬಿಯ ಬುಡದಲ್ಲಿ ಏನಿರುತ್ತದೆ ಎಂದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಸೊಸೆಯಾಗಿ ಬಂದೆ. ಗಂಡ ಹೈಸ್ಕೂಲ್ ಮಾಸ್ತರ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ, ಮೂರೇ ಜನ. ಅತ್ತೆಯ ತವರು ಹೂವಿನ ಹಿಪ್ಪರಗಿ. ಊರ ಹೆಸರಿನಲ್ಲೇ ಹೂವಿದೆ ಎಂದೋ ಏನೋ, ಹೂವಿನ ವಿಷಯದಲ್ಲಿ ಅವರ ಮುಂದೆ ಯಾರೂ ಬಾಯಿ ತೆರೆಯುವಂತಿರಲಿಲ್ಲ. ಬೆಳಿಗ್ಗೆ ಜಳಕ, ಅಂಗೈಯಲ್ಲಿ ಲಿಂಗ, ಅದರ ಮೇಲೊಂದು ಹೂವು. ಅದಾಗುವವರೆಗೆ ಹನಿ ನೀರೂ ಅವರ ಗಂಟಲಿಗೆ ಇಳಿಯುತ್ತಿರಲಿಲ್ಲ. ಬಂದ ವಾರದಲ್ಲೇ ನಾನೊಂದು ಎಡವಟ್ಟು ಮಾಡಿದೆ. ಪೂಜೆಗೆಂದು ಮಲ್ಲಿಗೆ ಹರಿದು ತರುವಾಗ ರೂಢಿಯಂತೆ ಮೂಗಿಗೆ ಹಿಡಿದೆ. ಅತ್ತೆ ಪಡಸಾಲೆಯಿಂದ ನೋಡುತ್ತಿದ್ದರು.

"ಮೂಸಿದ ಹೂವ ದೇವರಿಗೆ ಹೆಂಗ ನಡೀತೈತಿ? ನಿಮ್ಮ ಮನ್ಯಾಗ ಯಾರೂ ಹೇಳಿಲ್ಲೇನ ನಿನಗ?" ಎಂದು ಅಷ್ಟೂ ಹೂವನ್ನು ಗಿಡದ ಬುಡಕ್ಕೆ ಚೆಲ್ಲಿದರು. ಅಂದಿನಿಂದ ನನ್ನ ಕೈಯ ಹೂವು ಅವರ ಪೂಜೆಗೆ ನಡೆಯಲಿಲ್ಲ. ನಾನು ಬಡಿದ ರೊಟ್ಟಿ ಉಣ್ಣುತ್ತಿದ್ದರು, ನಾನು ಸೇದಿದ ನೀರು ಕುಡಿಯುತ್ತಿದ್ದರು, ಹೂವು ಮಾತ್ರ ಬೇಡ. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನವಾದರೂ ನಾನು ಹರಿದ ಹೂವು ಆ ಅಂಗೈಗೆ ಏರಲೇಬೇಕು ಎಂಬ ಹಟ ನನಗೆ ಹಿಡಿದುಬಿಟ್ಟಿತು. ಮನೆಯ ಸೊಸೆ ಅನ್ನಿಸಿಕೊಳ್ಳಲು ನನಗೆ ಬೇರೆ ದಾರಿ ಕಾಣಲಿಲ್ಲ.

ಅಷ್ಟರಲ್ಲಿ ಗಂಡ ಪುಣೆಯ ಕಡೆಯ ಯಾವುದೋ ನರ್ಸರಿಯ ಕ್ಯಾಟಲಾಗು ತಂದರು. ನಡುವೆ ನಾಲ್ಕು ಬಣ್ಣದ ಹಾಳೆ, ಉಳಿದಿದ್ದೆಲ್ಲ ಇಂಗ್ಲಿಷಿನ ಹೊಗಳಿಕೆ. ಒಂದೊಂದು ಗುಲಾಬಿಯೂ ಒಂದೊಂದು ರಾಣಿ. ರೊಟ್ಟಿಯಷ್ಟು ಅಗಲದ ಹೂವಂತೆ, ವಾರಗಟ್ಟಲೆ ಬಾಡುವುದಿಲ್ಲವಂತೆ. ನಾನು ಮ್ಯಾಟ್ರಿಕ್ ಪಾಸಾದವಳು, ಮಧ್ಯಾಹ್ನವೆಲ್ಲ ಡಿಕ್ಷನರಿ ಹಿಡಿದುಕೊಂಡು ಆ ಸುಳ್ಳಿನ ಕಂತೆಯನ್ನು ಭಕ್ತಿಯಿಂದ ಓದಿದೆ. ಗಂಡನಿಗೆ ಕಪ್ಪು ಗುಲಾಬಿಯೇ ಬೇಕು, ಸಾಲಿಯಲ್ಲಿ ಜಂಬ ಕೊಚ್ಚಿಕೊಳ್ಳುವುದಕ್ಕೆ. ನನಗೆ ಪೂಜೆಗೆ ಬಿಳಿಯದು ಬೇಕು. ಜಗಳಾಡಿ ಜಗಳಾಡಿ ಆರು ಗಿಡ ಆರಿಸಿ ಪತ್ರ ಬರೆದೆವು.

ತಿಂಗಳ ಮೇಲೆ, ಅಂಚೆಯವನಿಗೆ ಹಣ ಕೊಟ್ಟು ಬಿಡಿಸಿಕೊಳ್ಳುವ ವಿ.ಪಿ. ಪಾರ್ಸಲ್ ಬಂತು. ಗೋಣಿ ಬಿಚ್ಚಿದರೆ ಕೊಳೆತ ಹಾವಸೆಯ ನಾತ, ಅದರೊಳಗೆ ಆರು ಮುಳ್ಳುಕಡ್ಡಿ. ಒಂದಕ್ಕೂ ಎಲೆಯಿಲ್ಲ. ಪ್ರತಿಯೊಂದರ ಕೊರಳಿಗೂ ರಾಣಿಯ ಹೆಸರಿನ ತಗಡಿನ ಚೀಟಿ.

"ಇವೇನು ಗಿಡ ಏನೋ? ಒಲಿಗೆ ಹಚ್ಚೂ ಕಟಗಿ ಅದಾವ," ಅಂದರು ಅತ್ತೆ.

ಕಟ್ಟಿನ ತಳದಲ್ಲಿ ಒಂದು ಬಟ್ಟೆಯ ಚೀಲವಿತ್ತು, ಒಳಗೆ ಬೂದುಬಣ್ಣದ ತರಿತರಿ ಪುಡಿ. ಗಂಡ ಚೀಲದ ಮೇಲಿನ ಅಕ್ಷರವನ್ನು ಪಾಠ ಓದಿದ ಹಾಗೆ ಗಟ್ಟಿಯಾಗಿ ಓದಿದರು: "ಬೋನ್ ಮೀಲ್."

ಅತ್ತೆಯ ಮುಖದ ಗಂಟು ಸಡಿಲಾಯಿತು. "ಬೋನ? ಗಿಡಕ್ಕೂ ಬೋನ ಕೊಡ್ತಾರೇನ? ಭಾಳ ಶ್ಯಾಣ್ಯಾರದಾರ ಬಿಡು."

ಅವರ ಕಾಲದವರ ಬಾಯಲ್ಲಿ ಬೋನ ಎಂದರೆ ದೇವರ ಎಡೆಗೆಂದು ಮಡಿಯಲ್ಲಿ ಬೇಯಿಸಿದ ಅನ್ನ. ಇಂಗ್ಲಿಷಿನ ಎಲುಬು ಅವರ ಕಿವಿಗೆ ದೇವರ ಅನ್ನವಾಗಿ ಬಿದ್ದಿತ್ತು. ನಾನು ಸೆರಗು ಬಾಯಿಗೆ ಒತ್ತಿ ಅಡುಗೆಮನೆಗೆ ಓಡಿದೆ. ಗಂಡನೂ ಹಿಂದೆಯೇ ಬಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ಅವ್ವಗ ಹೇಳಬ್ಯಾಡ. ತಿಳದ್ರ ಗಿಡಾ ಕಿತ್ತು ತಿಪ್ಪಿಗೆ ಒಗೀತಾಳ," ಅಂದರು ಗಂಡ. ನಾನು ತಲೆಯಾಡಿಸಿದೆ.

ಮಾಂಸ ಎಂಬ ಮಾತನ್ನೂ ಆಡದ ಮನೆ ನಮ್ಮದು. ಚೀಲಕ್ಕೆ ಕೈ ಹಾಕಿದರೆ ಬೆರಳಿಗೆ ಬಿಳಿಯ ಚೂರೊಂದು ಸಿಕ್ಕಿತು, ಒಂದು ಬದಿ ನುಣುಪು, ಹಲ್ಲಿನ ತುಂಡು. ಓಡಿಹೋಗಿ ಬಚ್ಚಲಲ್ಲಿ ವಾಂತಿ ಮಾಡಿದೆ. ಮತ್ತೆ ಆ ಚೀಲ ಮುಟ್ಟಲಿಲ್ಲ. ಎರೆಮಣ್ಣಿನಲ್ಲಿ ಬೇರು ಕೊಳೆಯುತ್ತದೆ ಎಂದು ಗಂಡ ಕುಣಿ ತೆಗೆದು ಹೊರಗಿನಿಂದ ನೀರು ನಿಲ್ಲದ ಕೆಂಪು ಮಸಾರಿ ಮಣ್ಣು ತರಿಸಿದರು. ಪುಡಿ ಕಲಸುವುದಕ್ಕೆ ಅತ್ತೆ ತಾವೇ ಮುಂದೆ ಬಂದರು.

"ದೇವರ ಹೆಸರಿನ ವಸ್ತು. ನಿನಗ ಮಡಿ ಮೈಲಿಗಿ ತಿಳಿಯಂಗಿಲ್ಲ, ನೀ ಅತ್ತಾಗ ಸರಿ, ನಾನ ಕಲಸ್ತೇನಿ."

ಕಲಸಿದ ಮೇಲಲ್ಲ, ಕಲಸುವುದಕ್ಕೆ ಮೊದಲು ಕೈ ತೊಳೆದುಕೊಳ್ಳುತ್ತಿದ್ದರು. ಹಿಡಿ ಹಿಡಿ ಪುಡಿ ತೆಗೆದು ಸಗಣಿಗೊಬ್ಬರದ ಜೊತೆ ಬರಿಗೈಯಲ್ಲಿ ನಾದಿ ಬುಡಕ್ಕೆ ಹಾಕುತ್ತಿದ್ದರು. ತಿಂಗಳಿಗೊಮ್ಮೆ ಇದೇ ಸೇವೆ. ಚೀಲ ತೀರಿದಾಗ ಗಂಡ ಇನ್ನೊಂದು ತರಿಸಿದರು. ನಾನು ಪಕ್ಕದಲ್ಲಿ ತಂಬಿಗೆ ಹಿಡಿದು ನಿಂತು ಅವರ ಕೈಮೇಲೆ ನೀರು ಹನಿಸುತ್ತಿದ್ದೆ. ಅವರ ಉಗುರಿನ ಸಂದಿಯಲ್ಲಿ ಆ ಬೂದುಬಣ್ಣ ಕಂಡರೆ ಮಧ್ಯಾಹ್ನದ ಊಟ ನನಗೆ ಸೇರುತ್ತಿರಲಿಲ್ಲ.

ಆಮೇಲೆ ನಾಯಿಗಳು ಬಂದವು. ಓಣಿಯ ನಾಯಿಗಳಿಗೆಲ್ಲ ನಮ್ಮ ಹಿತ್ತಲೇ ಬೇಕು, ಗುಲಾಬಿಯ ಬುಡವನ್ನೇ ಕೆರೆಯುತ್ತಿದ್ದವು. "ಬೋನದ ವಾಸನಿಗೆ ಬರತಾವ, ಪಾಪ, ಹಸದಾವ," ಎಂದು ಅತ್ತೆ ಅವಕ್ಕೆ ರೊಟ್ಟಿ ಚೂರು ಹಾಕುತ್ತಿದ್ದರು. ಹಿಂದೆಯೇ ನೊಣ. ಅದರ ಹಿಂದೆ ಚಿಗುರಿಗೆ ಹಸಿರು ಹೇನು, ಬೆರಳಿನಿಂದ ಒರೆಸಿದರೆ ಅಂಟಂಟು ಲೋಳೆ. ಕ್ಯಾಟಲಾಗಿನಲ್ಲಿ ಇದ್ಯಾವುದರ ಬಣ್ಣದ ಚಿತ್ರವೂ ಇರಲಿಲ್ಲ.

ಎರಡು ಗಿಡ ಒಣಗಿಹೋದವು. ಗಂಡನ ಕಪ್ಪು ಗುಲಾಬಿ ತೊಳೆದು ತೊಳೆದು ಬಣ್ಣ ಹೋದ ರವಿಕೆಯಂಥ ಗುಲಾಬಿ ಬಣ್ಣದಲ್ಲಿ ಅರಳಿತು. ಸಿಟ್ಟಿನಿಂದ ನರ್ಸರಿಗೆ ಪತ್ರ ಬರೆದರೆ ಉತ್ತರಕ್ಕೆ ಇನ್ನೊಂದು ಕ್ಯಾಟಲಾಗು ಬಂತು. ನನ್ನ ಬಿಳಿಯದು ಮಾತ್ರ ಹೇಳಿದ ಹಾಗೆಯೇ ಬಂತು. ಅದು ಅರಳಿದ ಬೆಳಿಗ್ಗೆ ಅತ್ತೆ ಜಳಕ ಮುಗಿಸಿ ಗಿಡದ ಮುಂದೆ ನಿಂತಿದ್ದರು.

"ನೀನ ಹರಕೊಂಡು ಬಾ," ಅಂದರು. "ಮೂಸಬ್ಯಾಡ ಮತ್ತ."

ಮೂಸುವುದೆಲ್ಲಿ ಬಂತು? ಆ ಬುಡದ ನೆನಪಿಗೆ ನಾನು ಉಸಿರನ್ನೇ ಬಿಗಿಹಿಡಿದಿದ್ದೆ. ತೋಳು ಉದ್ದ ಚಾಚಿ ಹೂವು ತಂದು ಕೊಟ್ಟೆ. ಅವರು ಲಿಂಗದ ಮೇಲಿಟ್ಟು ಕಣ್ಣು ಮುಚ್ಚಿದರು. ಎರಡು ವರ್ಷಕ್ಕೂ ಮೇಲೆ ಕಾದ ಗಳಿಗೆ ಅದು. ಸಂತೋಷವಾಯಿತೇ ಎಂದರೆ ಆಯಿತು, ಸುಳ್ಳು ಹೇಳುವುದಿಲ್ಲ. ಅದರ ಜೊತೆಗೇ ಹೂವು ಹಿಡಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡೆ. ಅವತ್ತೇ ಹೇಳಿಬಿಡಬೇಕಿತ್ತು. ಹೇಳಿದರೆ ಹೂವೂ ಹೋಗುತ್ತದೆ, ಸಿಕ್ಕ ಜಾಗವೂ ಹೋಗುತ್ತದೆ ಎಂದು ನುಂಗಿಕೊಂಡೆ. ಹಾಗೆಯೇ ಹತ್ತಿರ ಹತ್ತಿರ ಒಂದು ವರ್ಷ, ಹೂವು ಬಿಟ್ಟ ದಿನವೆಲ್ಲ ನುಂಗಿಕೊಂಡೆ.

ಯಂಕಂಚಿಯ ಕಡೆ ರೈತರಿಗೆ ಬೀಜ ಗೊಬ್ಬರದ ಸಲಹೆ ಕೊಡುತ್ತಿದ್ದ ಗ್ರಾಮಸೇವಕರೊಬ್ಬರು ಗಂಡನಿಗೆ ಪರಿಚಯ. ಒಂದು ಮಧ್ಯಾಹ್ನ ಗಂಡ ಸಾಲಿಗೆ ಹೋಗಿದ್ದಾಗ ಬಂದರು. ನಾನು ಚಹಾ ತಂದುಕೊಟ್ಟೆ. ಹಿತ್ತಲ ಕಡೆ ನೋಡಿ, "ಗಿಡಾ ಭಾಳ ಚಲೋ ಬಂದಾವ್ರಿ, ಏನ್ ಹಾಕೀರಿ?" ಅಂದರು. ಅತ್ತೆಗೆ ಅದೇ ಬೇಕಿತ್ತು.

"ಬೋನ ಹಾಕೇನಪಾ. ಯಾರಿಗೂ ಮುಟ್ಟಗೊಡಂಗಿಲ್ಲ, ನಾನ ಕೈಯಾರೆ ಕಲಸ್ತೇನಿ."

"ಬೋನ್ ಮೀಲ್ ಏನ್ರಿ ಅವ್ವಾರ? ಹಂಗಾದ್ರ ಬರಾಕ ಬೇಕ್ರಿ. ದನದ ಎಲುಬು ಬೀಸಿದ ಪುಡಿ ಅದು, ಗುಲಾಬಿಗೆ ಅದರಂಥಾ ಗೊಬ್ಬರ ಇನ್ನೊಂದಿಲ್ಲ," ಎಂದು ಅವರು ಚಹಾ ಕುಡಿದು, ಸೈಕಲ್ ಹತ್ತಿ ಹೋದರು. ಅವರದೇನೂ ತಪ್ಪಿಲ್ಲ.

ಅತ್ತೆ ಚೀರಾಡುತ್ತಾರೆ, ಗಿಡ ಕೀಳುತ್ತಾರೆ ಎಂದು ನಾನು ಬಾಗಿಲಿಗೆ ಆತು ನಿಂತಿದ್ದೆ. ಅವರು ಬಚ್ಚಲಿಗೆ ಹೋಗಿ ಬೂದಿ ಹಚ್ಚಿ ಮೊಣಕೈವರೆಗೆ ಉಜ್ಜಿದರು, ತೊಳೆದರು, ಮತ್ತೆ ಉಜ್ಜಿದರು. ಬಂದು ಪಡಸಾಲೆಯಲ್ಲಿ ಕುಳಿತರು. ಒದ್ದೆ ಕೈಗಳನ್ನು ಸೀರೆಗೆ ತಾಗದಂತೆ ಮುಂದೆ ಚಾಚಿಕೊಂಡಿದ್ದರು.

"ನಿನಗ ಇಂಗ್ಲಿಷ್ ಬರತೈತಿ. ಗೊತ್ತಿತ್ತೇನ?"

"ಹೌದ್ರಿ ಅತ್ತಿ."

"ಮೊದಲನೇ ದಿನದಿಂದ?"

"ಹೌದ್ರಿ."

"ಎಲುಬಿಗೇನ್ ತಿಳೀತೈತಿ, ಸತ್ತ ದನದ್ದದು," ಅಂದರು. "ನೀ ಬಾಜೂಕ ನಿಂತು ನನ್ನ ಕೈಮ್ಯಾಲೆ ನೀರ ಹಾಕ್ತಿದ್ದೆಲ್ಲ, ನಿನಗ ಹೇಸಿಕಿ ಬರಲಿಲ್ಲೇನ?"

ಹೇಸಿಕೆ ಬಂದಿತ್ತು. ಬಂದಿತ್ತೆಂದೇ ಆ ಕೆಲಸವನ್ನು ಅವರಿಗೆ ಬಿಟ್ಟಿದ್ದೆ.