ಹೇಗೆ ಮುಗಿಯಿತು ಎಂದು ಕೇಳುವುದು

ಚಿನ್ಮಯ, ಸಿಂಚನಾ, ಯುಗಾದಿಗೆ ಬಂದಾಗ “ಅಜ್ಜೀ, ಕಂಪ್ಯೂಟರ್ ಅಂದ್ರೆ ಏನು ಗೊತ್ತಾ ನಿಂಗೆ?” ಎಂದು ಕೇಳಿ ನಕ್ಕಿರಲ್ಲ, ಆಗ ನಾನು ಸುಮ್ಮನೆ ಇನ್ನೊಂದು ಹೋಳಿಗೆ ಬಡಿಸಿದೆ. ನಾಲ್ಕು ಜನರ ಎದುರು ನನಗೆ ಬಾಯಿ ಬರುವುದಿಲ್ಲ. ಬರೆಯುವುದಾದರೆ ಪರವಾಗಿಲ್ಲ, ಹಾಳೆ ನನ್ನ ಮುಖ ನೋಡುವುದಿಲ್ಲ.

ಗೊತ್ತು ಮಕ್ಕಳೇ. ತೊಂಬತ್ತರ ದಶಕದಲ್ಲಿ ನಿಮ್ಮ ತಾತ ಭದ್ರಾವತಿಯ ಕಾರ್ಖಾನೆಯಲ್ಲಿ ಕಾದ ಲೋಹ ಚಿಮ್ಮಿ ತೀರಿಕೊಂಡ ಮೇಲೆ, ಹಳ್ಳಿ ಶಾಲೆಯಲ್ಲಿ ಓದಿದ ನನಗೆ ಅಲ್ಲಿಯೇ ಅನುಕಂಪದ ಕೆಲಸ ಸಿಕ್ಕಿತು. ಕಂಪ್ಯೂಟರ್ ಕೋಣೆ. ಮಲವಗೊಪ್ಪದ ಮನೆಯಿಂದ ಬಸ್ಸಿನಲ್ಲಿ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಹೊಕ್ಕ ಹಾಗೆ ಒಳಗೆ ಹೋಗುತ್ತಿದ್ದೆ. ಆ ಕಂಪ್ಯೂಟರಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ. ‘ಪಿಎಸ್’ ಎಂದು ಒತ್ತಿದರೆ ಒಳಗೆ ನಡೆಯುತ್ತಿರುವ ಕೆಲಸಗಳೆಲ್ಲ ಸಾಲಾಗಿ ಸುರಿಯುತ್ತಿದ್ದವು. ಅದರ ಮುಂದೆ ನೆಟ್ಟಗೆ ಒಂದು ಗೆರೆ ಎಳೆದು ‘ಗ್ರೆಪ್’ ಎಂದು ಬರೆದು, ಬೇಕಾದ ಹೆಸರು ಕೊಟ್ಟರೆ, ಆ ಹೆಸರಿನ ಸಾಲು ಮಾತ್ರ ಉಳಿಯುತ್ತಿತ್ತು. ಮೊರದಲ್ಲಿ ಅಕ್ಕಿ ಕೇರಿದ ಹಾಗೆ.

ಸಂಜೆ ರಿಪೋರ್ಟಿನ ಕೆಲಸ ಮುಗಿದಿದೆಯೇ ಎಂದು ಹೀಗೆ ಕೇರಿ ನೋಡಿ ನಾನು ಮನೆಗೆ ಹೊರಡಬೇಕು. ಮೊದಮೊದಲು ಎಷ್ಟು ಸಲ ನೋಡಿದರೂ ಒಂದು ಸಾಲು ಉಳಿದೇ ಇರುತ್ತಿತ್ತು. ಬಸ್ಸು ಹೋಗುತ್ತಿತ್ತು, ನಾನು ಕಾಯುತ್ತಿದ್ದೆ. ಕೊನೆಗೆ ನಮ್ಮ ಸಾಹೇಬರು ಷಣ್ಮುಗಂ ಬಂದು ನೋಡಿ ಹೊಟ್ಟೆ ಹಿಡಿದು ನಕ್ಕರು. “ಅಯ್ಯೋ ಗಿರಿಜಮ್ಮೋರೇ, ಅದು ರಿಪೋರ್ಟ್ ಅಲ್ಲ. ನೀವು ಹುಡುಕ್ತಾ ಇದ್ದೀರಲ್ಲ, ಆ ಹುಡುಕೋದೂ ಒಂದು ಕೆಲಸಾನೇ. ಅದೇ ಕಾಣ್ತಾ ಇರೋದು! ನಿಮ್ಮನ್ನ ನೀವೇ ಕಾಯ್ಕೊಂಡು ಕೂತಿದ್ದೀರಿ.”

ಮನೆಯಲ್ಲೂ ಒಬ್ಬರು ಕಾಯುತ್ತಿದ್ದರು. ನನ್ನ ಅತ್ತೆ. ಮಗನ ಮೈಯನ್ನು ಬಟ್ಟೆ ಸುತ್ತಿ ಅಂಗಳಕ್ಕೆ ತಂದಾಗ ಅವರು ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ನಮ್ಮ ಕಡೆ ಬಳೆ ಒಡೆದರೆ ‘ಹೆಚ್ಚಿತು’ ಎನ್ನುತ್ತೇವೆ. ಮನೆ ಬಿಡುವವರು ‘ಹೋಗ್ತೀನಿ’ ಎನ್ನಬಾರದು, ‘ಬರ್ತೀನಿ’ ಎನ್ನಬೇಕು. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದೆಂದು ಹಿರಿಯರು ಮಾಡಿದ ಉಪಾಯ. ಅತ್ತೆ ಅದನ್ನೇ ಹಿಡಿದು ಕೂತರು. “ಬರ್ತೀನಮ್ಮ ಅಂತ ಹೇಳಿ ಹೋಗಿದ್ದಾನೆ. ಹೋಗ್ತೀನಿ ಅಂದ್ನಾ? ನೀನೇ ಕೇಳಿಸ್ಕಂಡಿದ್ದೀಯಲ್ಲ, ಹೇಳು.” ಮಗ ಉಂಡ ಮೇಲೆ ಉಣ್ಣುವುದು ಅವರ ರೂಢಿ. ಹಾಗಾಗಿ ಬರೀ ಮಜ್ಜಿಗೆ ಕುಡಿದು ದಿನ ದೂಡುತ್ತಿದ್ದರು. ಕೈ ಕಡ್ಡಿಯಾಯಿತು. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. “ಅವರು ಬರಲ್ಲ ಅತ್ತೆ” ಎಂದು ಎಷ್ಟು ಸಲ ಕಣ್ಣೀರಿಟ್ಟೆನೋ. ಅವರು ಗೋಡೆ ಕಡೆ ತಿರುಗುತ್ತಿದ್ದರು.

ಒಂದು ದಿನ ಪರದೆಯ ಮೇಲೆ ಒಂದು ಸಾಲಿನ ಪಕ್ಕ ‘ಡಿಫಂಕ್ಟ್’ ಎಂದು ಬಂತು. ಸತ್ತಿದೆ ಎಂದರ್ಥ. ಸತ್ತದ್ದು ಪಟ್ಟಿಯಲ್ಲೇಕೆ? ಅದನ್ನು ತೆಗೆಯಲು ‘ಕಿಲ್’ ಎಂದು ಬರೆಯಬೇಕು. ಇರುವೆ ತುಳಿದರೂ ಶಿವಶಿವಾ ಎನ್ನುವವಳು ನಾನು, ಕಣ್ಣು ಮುಚ್ಚಿಕೊಂಡು ಬರೆದೆ. ಹೋಗಲಿಲ್ಲ. ಮತ್ತೆ ಬರೆದೆ. ಊಹೂಂ.

ಷಣ್ಮುಗಂ ಕುರ್ಚಿಯಿಂದಲೇ ಅಂದರು: “ಸತ್ತಿರೋದನ್ನ ಇನ್ನೊಂದ್ಸಲ ಹೆಂಗಮ್ಮಾ ಕೊಲ್ತೀರಾ? ಅದನ್ನ ಹುಟ್ಟಿಸಿದ ಪ್ರೋಗ್ರಾಂ ಒಂದಿರುತ್ತೆ, ತಾಯಿ ಅಂತ ಇಟ್ಕೊಳ್ಳಿ. ಆ ತಾಯಿ ‘ಹೆಂಗೆ ಮುಗೀತಪ್ಪಾ’ ಅಂತ ಕೇಳಬೇಕು. ಅದು ಕೇಳೋ ತನಕ ಹೆಸರು ಅಲ್ಲೇ ನಿಂತಿರುತ್ತೆ, ಯಾರು ಏನು ಮಾಡಿದ್ರೂ ಹೋಗಲ್ಲ.” ಹೇಳಿ ನನ್ನ ಮುಖ ನೋಡಿದವರು ನಾಲಿಗೆ ಕಚ್ಚಿಕೊಂಡು, ಟೀ ಕುಡಿಯಬೇಕು ಎಂದು ಎದ್ದು ಹೋದರು. ಒಳ್ಳೆಯ ಮನುಷ್ಯ.

ಆ ಸಂಜೆ ನಾನು ಅತ್ತೆಗೆ ‘ಬರಲ್ಲ’ ಎನ್ನಲಿಲ್ಲ. ಒಲೆಯ ಹತ್ತಿರ ಕೂತು, “ಆಸ್ಪತ್ರೇಲಿ ಕೊನೇವರೆಗೂ ನಾನು ಪಕ್ಕದಲ್ಲೇ ಇದ್ದೆ ಅತ್ತೆ. ನಿಮಗೆ ಕೇಳಬೇಕು ಅನ್ನಿಸ್ದಾಗ ಕೇಳಿ” ಎಂದಷ್ಟೇ ಹೇಳಿದೆ. ಕೇಳಲಿಲ್ಲ. ಮರುದಿನವೂ ಇಲ್ಲ. ಒಂದು ಭಾನುವಾರ ಅವರೆಕಾಯಿ ಸುಲಿಯುತ್ತಾ, ತಲೆ ಎತ್ತದೆ ಕೇಳಿದರು: “ನೀರು ಕೇಳಿದ್ನಾ?”

“ಕೇಳಿದ್ರು. ಕೊಡಬಾರದು ಅಂದಿದ್ರು ಡಾಕ್ಟ್ರು. ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತಿದೆ.”

“ಕೊಡಬೇಕಿತ್ತು ಕಣೇ.” ಇನ್ನೆರಡು ಕಾಯಿ ಸುಲಿದು, “ಆಮೇಲೆ?”

“ಕಿಟಕಿ ಮುಚ್ಚು, ಬೆಳಕು ಜಾಸ್ತಿ ಅಂದ್ರು. ಮುಚ್ಚಿ ತಿರುಗಿ ಬರೋಷ್ಟರಲ್ಲಿ...”

ಅತ್ತೆ ಅವತ್ತು ಮೊದಲ ಸಲ ಅತ್ತರು. ಸುಲಿದ ಕಾಳೆಲ್ಲ ನೆಲದ ಪಾಲಾಯಿತು. ಕತ್ತಲಾಗುವ ಹೊತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು, “ಒಂದು ತುತ್ತು ಬಡಿಸೇ ಮಾರಾಯ್ತಿ” ಎಂದರು.

ಇದನ್ನು ಪವಾಡ ಎಂದುಕೊಳ್ಳಬೇಡಿ. ಆ ವರ್ಷ ದಾಟಲಿಲ್ಲ ಅವರು. ಆದರೆ ಉಂಡುಕೊಂಡು, ಮಗನ ಹೆಸರು ಹೇಳಿಕೊಂಡು, ಮಗ ಇಲ್ಲವೆಂದು ತಿಳಿದುಕೊಂಡು ಹೋದರು.

ನಿಮ್ಮ ಅಪ್ಪ ಆಗ ಚಿಕ್ಕವನು, ಸೋದರಮಾವನ ಮನೆಯಲ್ಲಿದ್ದ. ಇವತ್ತಿನವರೆಗೂ ತನ್ನ ಅಪ್ಪ ಹೇಗೆ ಹೋದರೆಂದು ಕೇಳಿಲ್ಲ. ನಾನಾಗಿ ಹೇಳುವ ಧೈರ್ಯ ನನಗೂ ಬಂದಿಲ್ಲ. ಆ ಯಂತ್ರದಲ್ಲಿ ತಾಯಿಯೇ ಕೇಳಬೇಕು. ಮನುಷ್ಯರಲ್ಲಿ ಮಕ್ಕಳೂ ಕೇಳಬಹುದು, ಎಷ್ಟು ತಡವಾದರೂ ಕೇಳಬಹುದು. ಅವನು ಕೇಳುವ ದಿನ ನಾನು ಇರುತ್ತೇನೋ ಇಲ್ಲವೋ. ಅಲ್ಲಿಯವರೆಗೆ ಈ ಹಾಳೆಗಳು ರದ್ದಿಗೆ ಹೋಗದಂತೆ ನೋಡಿಕೊಳ್ಳಿ, ಮಕ್ಕಳೇ. ಅವನಾಗಿ ಕೇಳದೆ ಕೊಡಬೇಡಿ.