ತಾರವ್ವನ ಸಾವಿಗೆ ಮಾತಾಡಿಸಲು ಬಂದವರು

ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ತಾರವ್ವನನ್ನು ಕೊಂದವನು ನಾನು.

ಗಾಬರಿಯಾಗಬೇಡಿ, ಪೊಲೀಸರಿಗೆ ಹೋಗುವಂಥ ಕೇಸಲ್ಲ. ತಾರವ್ವ ಎಂದರೆ ನಾನು ಸಾಕಿದ ಜೇಡ. ಅಂಗೈ ಅಗಲ, ಮೈತುಂಬ ಕಂದು ಕೂದಲು. ಇಂಥದ್ದಕ್ಕೆ ಟರಂಟುಲಾ ಎನ್ನುತ್ತಾರೆಂದು ಅಥಣಿಯ ಕಾಲೇಜಿನಲ್ಲಿ ನಮ್ಮ ಸರ್ ಹೇಳಿದ್ದರು. ನಮ್ಮ ಮನೆಯಲ್ಲಿ ‘ಆ ದರಿದ್ರ’ ಎನ್ನುತ್ತಿದ್ದರು. (ನನ್ನನ್ನೂ ಹಾಗೇ ಕರೆಯುತ್ತಿದ್ದರು. ಬೈದದ್ದು ಯಾರಿಗೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ.)

ನಾನು ಆರನೇ ಇಯತ್ತೆಯಲ್ಲಿದ್ದಾಗ ನಮ್ಮ ತೋಟದಲ್ಲಿ ದ್ರಾಕ್ಷಿ ಹಂದರಕ್ಕೆ ಕಲ್ಲಿನ ಕಂಬ ನೆಡುತ್ತಿದ್ದರು. ತಗ್ಗು ತೋಡುವಾಗ ಸಿಕ್ಕವಳು ಇವಳು. ಆಗ ಎಂಟಾಣೆಯಷ್ಟಿದ್ದಳು. ಸದಲಗಾದ ಮಾಮಾನ ಹೋಟೆಲಿನಿಂದ ಪೇಢೆ ಇಡುವ ಹಳೆಯ ಗಾಜಿನ ಪೆಟ್ಟಿಗೆ ತಂದು, ಒಳಗೆ ಮಣ್ಣು ಹಾಸಿ, ಸಂಸಾರ ಹೂಡಿಸಿದೆ. ನಾನು ಎಸ್‌ಎಸ್‌ಎಲ್‌ಸಿ ಪಾಸಾದೆ, ಪಿಯುಸಿ ಫೇಲಾದೆ, ಮತ್ತೆ ಕಟ್ಟಿ ಪಾಸಾದೆ, ಬಿ.ಎ. ಮುಗಿಸಿ ಮನೆಯಲ್ಲಿ ಕೂತೆ. ತಾರವ್ವ ಮಾತ್ರ ಒಂದು ವರ್ಷವೂ ಫೇಲಾಗದೆ ಬೆಳೆದಳು.

ಅವಳಿಗೆ ವಾರಕ್ಕೊಂದು ಮಿಡತೆ ಸಾಕು. ಆದರೆ ಮಿಡತೆಗೆ ನನಗಿಂತ ಬುದ್ಧಿ ಹೆಚ್ಚು, ಸುಲಭಕ್ಕೆ ಸಿಗುವುದಿಲ್ಲ. ಕಳೆದ ವಾರ ಹಂದರದ ಕೆಳಗೆ ಒಂದು ಸಿಕ್ಕಿತು ನೋಡಿ. ಹಾರಲಿಲ್ಲ, ಓಡಲಿಲ್ಲ. ಎಷ್ಟು ಸಭ್ಯ ಮಿಡತೆ ಎಂದು ಮೆಚ್ಚಿ, ಹಿಡಿದು ತಂದು ಹಾಕಿದೆ.

ಹಿಂದಿನ ದಿನ ಅಣ್ಣ ಅದೇ ಸಾಲಿಗೆ ಔಷಧ ಹೊಡೆದಿದ್ದ. ಅವನ ಹಿಂದೆ ಪಂಪಿನ ಪೈಪು ಹಿಡಿದು ನಡೆದವನು ಯಾರು? ನಾನೇ! ಇಂಥ ತಪ್ಪು ಮಾಡಲು ದ್ರಾಕ್ಷಿ ಬೆಳೆಯುವ ಮನೆಯಲ್ಲೇ ಹುಟ್ಟಬೇಕು.

ಮರುದಿನ ಬೆಳಿಗ್ಗೆ ನೋಡಿದರೆ ಎಂಟೂ ಕಾಲು ಹೊಟ್ಟೆಯ ಕೆಳಗೆ ಮಡಚಿಕೊಂಡು, ಮುಚ್ಚಿದ ಮುಷ್ಟಿಯಂತೆ ಕೂತಿದ್ದಳು. ಪೊರೆ ಬಿಡುವಾಗ ಅವಳು ಅಂಗಾತ ಮಲಗುತ್ತಿದ್ದಳು. ಅದನ್ನು ನೋಡಿ ಹಿಂದೊಮ್ಮೆ ಸತ್ತಳೆಂದು ಅತ್ತು ಪಜೀತಿಯಾಗಿತ್ತು. ಹಾಗಾಗಿ ಈ ಸಲ ಮಧ್ಯಾಹ್ನದವರೆಗೆ ಕಾದೆ. ಕಡ್ಡಿಯಿಂದ ಮುಟ್ಟಿದೆ. ಹಗುರವಾಗಿ ಉರುಳಿದಳು.

“ಜ್ಯಾಡ ಸತ್ತದ್ದಕ್ಕ ಊಟಾ ಬಿಡ್ತಾರೇನಲೇ? ಮಂದಿ ಕೇಳಿದ್ರ ನಗ್ತಾರ, ಏಳು” ಎಂದಳು ಅವ್ವ. ಅಣ್ಣ ಆಗಲೇ ನಗುತ್ತಿದ್ದ.

ಎತ್ತು ಸತ್ತರೆ ನಾವೇನು ಮಾಡುತ್ತೇವೆ? ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಸ್ವಂತ ಹೊಲದಲ್ಲಿ ಮಣ್ಣು ಮಾಡುತ್ತೇವೆ. ಓಣಿಯೆಲ್ಲ ಬರುತ್ತದೆ. ನಾಯಿಗೆ ಒಂದು ಹೊತ್ತಿನ ಬೇಜಾರು. ಜೇಡಕ್ಕೆ? ಈ ರೇಟು ಗೊತ್ತುಮಾಡಿದವರು ಯಾರು? ಕಾಲಿನ ಲೆಕ್ಕ ಹಿಡಿದರೆ ತಾರವ್ವನಿಗೆ ಎತ್ತಿನ ಎರಡರಷ್ಟು ಅಳಬೇಕು! ಅಷ್ಟು ಬೇಡ. ‘ಪಾಪ, ಹೋತು’ ಎಂದು ನಮ್ಮ ಮನೆಯವರೊಬ್ಬರು ನಗದೆ ಹೇಳಿದರೆ ಸಾಕಿತ್ತು.

ಆದರೆ ನನ್ನ ಮುಂದೆ ನಗದೆ ಇರುವುದು ಕಷ್ಟ. ಅದಕ್ಕೆ ಕಾರಣವೂ ನಾನೇ.

ನಮ್ಮ ಕಡೆ ಸಾವಾದ ಮನೆಗೆ ‘ಮಾತಾಡಿಸಲು’ ಹೋಗುವ ಪದ್ಧತಿ. ಎದುರು ಮನೆಯ ಕಲ್ಲಪ್ಪ ಕಾಕಾ ಅದರಲ್ಲಿ ಎತ್ತಿದ ಕೈ. ಬರುತ್ತಲೇ ಟವೆಲಿನಿಂದ ಮುಖ ಮುಚ್ಚಿಕೊಂಡು ಒಂದು ನಿಟ್ಟುಸಿರು. “ಹೆಂಗಾತು? ಯಾವಾಗಾತು? ಕಡೀಕ ಏನ್ ತಿಂದಿದ್ರು?” ಆಮೇಲೆ ಟವೆಲ್ ತೆಗೆದು, ಅದೇ ದನಿಯಲ್ಲಿ, “ನಿಮ್ಮ ಬಾಂವಿಗೆ ನೀರ ಹೆಂಗೈತಿ?” ಇದು ನನ್ನ ಮಿಮಿಕ್ರಿಯ ನಂಬರ್ ಒನ್ ಐಟಂ. ಮದುವೆ ಮನೆಗಳಲ್ಲಿ ಕೇಳಿ ಕೇಳಿ ಮಾಡಿಸುತ್ತಿದ್ದರು. ಕಾಕಾ ಎದುರಿಗಿದ್ದರೂ ಬಿಟ್ಟವನಲ್ಲ.

ಸಂಜೆ ಕಾಕಾ ಬಂದರು. ಹಿಂದೆ ಅರ್ಧ ಓಣಿ. ನಮ್ಮ ಕಟ್ಟೆಯ ಮೇಲೆ ಕೂತು, ಟವೆಲ್ ಮುಖಕ್ಕೆ ಹಿಡಿದು ನಿಟ್ಟುಸಿರು ಬಿಟ್ಟರು. ಕಾಕಾನನ್ನು ಮಿಮಿಕ್ರಿ ಮಾಡುತ್ತಿದ್ದ ನನ್ನನ್ನು ಕಾಕಾ ಮಿಮಿಕ್ರಿ ಮಾಡುತ್ತಿದ್ದರು! ಒಪ್ಪಿಕೊಳ್ಳಬೇಕು, ನನಗಿಂತ ಚೆನ್ನಾಗಿ ಮಾಡಿದರು.

“ಹೆಂಗಾತೋ ತಮ್ಮಾ?”

ಓಣಿ ಕಿಸಕ್ಕೆಂದಿತು.

“ಯಾವಾಗಾತು?”

“ಮುಂಜಾನಿ, ಕಾಕಾ.”

“ಕಡೀಕ ಏನ್ ತಿಂದಿತ್ತಪಾ?”

ನಗು ಜೋರಾಯಿತು. ಅವ್ವನೂ ಸೆರಗು ಬಾಯಿಗೆ ಹಿಡಿದಳು. ನಾನೂ ಒಂದು ಜೋಕು ಹೊಡೆದು ಮುಗಿಸಬಹುದಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ.

“ಮಿಡಚಿ. ಔಷಧ ಹೊಡದ ಸಾಲಿನಾಗಿಂದು. ನಾನ ಹಾಕಿದ್ನಿ.”

ಆ ಪ್ರಶ್ನೆಯನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೆ, ಎಷ್ಟು ಮದುವೆಗಳಲ್ಲಿ ಆಡಿ ತೋರಿಸಿದ್ದೆ! ಉತ್ತರ ಹೇಳುವವರ ಜಾಗದಲ್ಲಿ ಮಾತ್ರ ಒಮ್ಮೆಯೂ ಕೂತಿರಲಿಲ್ಲ. ಮುಖದ ಮೇಲೆ ಟವೆಲ್ ಯಾಕೆ ಬೇಕೆಂಬುದೂ ಆಗಲೇ ತಿಳಿಯಿತು. ನನ್ನ ಹೆಗಲ ಮೇಲೆ ಟವೆಲ್ ಇರಲಿಲ್ಲ.

ಯಾರೂ ನಗಲಿಲ್ಲ. ಕಾಕಾ ಟವೆಲ್ ಇಳಿಸಿ ನನ್ನ ಮುಖ ನೋಡಿದರು.

“ಗೊತ್ತಿದ್ದ ಹಾಕಿದ್ಯೇನ್ ನೀ? ಏಳು, ಮಾರಿ ತೊಳಕೊ” ಎಂದರು. ಬಾವಿಯ ನೀರಿನ ಸುದ್ದಿ ತೆಗೆಯದೆ ಎದ್ದು ಹೋದರು.

ತಾರವ್ವನನ್ನು ಹಂದರದ ಕಂಬದ ಬುಡದಲ್ಲಿ ಮಣ್ಣು ಮಾಡಿದೆವು. ಹೌದು, ‘ಮಾಡಿದೆವು’. ಸಲಿಕೆ ಹಿಡಿದು ಅಣ್ಣನೂ ಬಂದಿದ್ದ. ಇಲಿಗೂ ಎಟುಕದಷ್ಟು ಆಳ ತೋಡಿದ.

ಉಳಿದವಳು ಆಯಿ, ನನ್ನ ಅಜ್ಜಿ. ದಿನಾ ಬೆಳಿಗ್ಗೆ ತಾರವ್ವನಿಗೊಂದು ಶಾಪ ಹಾಕಿಯೇ ಚಹಾ ಕುಡಿಯುವವಳು. ಮನೆಯಲ್ಲಿ ಹುಳ ಸಾಕಿದರೆ ಲಕ್ಷ್ಮಿ ನಿಲ್ಲುವುದಿಲ್ಲ ಎಂಬುದು ಅವಳ ವಾದ. ನಾನು ತೋಟದಿಂದ ಬಂದಾಗ ಖಾಲಿ ಪೆಟ್ಟಿಗೆಯ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದಳು. ಮಾಮಾನ ಹೋಟೆಲಿಗೆ ವಾಪಸ್ ಕಳಿಸಲು ಇರಬೇಕು ಎಂದುಕೊಂಡೆ. ಸಿಟ್ಟು ಬಂತು.

“ಈಗರೆ ಖುಷಿ ಆತಿಲ್ಲ ಆಯಿ? ಹೋತು ನಿನ್ನ ದರಿದ್ರ.”

ಆಯಿ ಒರೆಸುವುದನ್ನು ನಿಲ್ಲಿಸಲಿಲ್ಲ.

“ಖುಷಿ ಎಲ್ಲಿದಲೇ? ಅದರ ಮುಂದ ಕುಂತಾಗ ಅಷ್ಟ ನೀ ಸುಮ್ಮ ಇರತಿದ್ದಿ. ಇನ್ನ ಈ ಮನ್ಯಾಗ ನಿನ್ನ ಬಾಯಿ ಮುಚ್ಚಸವ್ರು ಯಾರ ಉಳದ್ರು?”