ಗೂಡು ಕಟ್ಟುವಾಗ ನಕ್ಕವಳು

ಈ ವರ್ಷ ಯುಗಾದಿಗೆ ಮೊದಲೇ ಆಲಿಕಲ್ಲು ಬಿತ್ತು. ಕಿರಂಗೂರಿನಲ್ಲಿ ನಾವಿರುವ ಮನೆಗೆ ಶೀಟಿನ ಸೂರು. ಮೊದಲ ಕಲ್ಲು ಬಿದ್ದಾಗ ಯಾರೋ ಹುಡುಗರು ತೂರಿದರು ಎಂದುಕೊಂಡು ಬೈಯಲು ಬಾಗಿಲು ತೆರೆದೆ. ಜಜ್ಜಿಹೋದ ಹಸಿ ಎಲೆಯ ವಾಸನೆ ಮುಖಕ್ಕೆ ಹೊಡೆಯಿತು. ಪಕ್ಕದವರ ಹಿಪ್ಪುನೇರಳೆ ತೋಟವನ್ನು ಆಲಿಕಲ್ಲು ಕುಟ್ಟಿ ಹಾಕುತ್ತಿತ್ತು. ಹಸಿಹಸಿಯಾದ, ಒಗರಾದ, ಒಳಗೆಲ್ಲೋ ತಣ್ಣಗಿರುವ ಆ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ನಡುಮನೆಯಲ್ಲಿ ನನ್ನ ಮಗಳು ಗಾಳಿಯ ಸದ್ದಿಗೆ ಹೆದರಿ ಅಳತೊಡಗಿದ್ದಳು. ನಾನು ಅವಳ ಕಡೆ ತಿರುಗದೆ ಚೌಕಟ್ಟು ಹಿಡಿದು ನಿಂತೇ ಇದ್ದೆ. ನನ್ನ ಕಣ್ಣ ಮುಂದೆ ಬೇರೊಂದು ಅಂಗಳವಿತ್ತು.

ಪಾಂಡವಪುರದಾಚೆ, ತೊಣ್ಣೂರು ಕೆರೆಯ ಪಕ್ಕದ ಒಂದು ಊರಿನಲ್ಲಿ ನಮ್ಮ ಒಟ್ಟು ಮನೆ ಇತ್ತು. ಅಜ್ಜಿ, ಅಪ್ಪ, ಅವ್ವ, ಚಿಕ್ಕಪ್ಪ, ಅವನ ಹೆಂಡತಿ ನಿಂಗಮ್ಮ ಚಿಕ್ಕವ್ವ, ಮತ್ತೆ ನಾನು. ಮನೆಯ ಮುಕ್ಕಾಲು ಪಾಲು ರೇಷ್ಮೆ ಹುಳಗಳದ್ದು. ಮಿಕ್ಕ ಮೂಲೆಯಲ್ಲಿ ನಾವು. ತಟ್ಟೆಗಳಲ್ಲಿ ಹುಳ ಸೊಪ್ಪು ತಿನ್ನುವ ಸದ್ದು ಹಂಚಿನ ಮೇಲೆ ಜಡಿಮಳೆ ಬಿದ್ದಂತೆ ಇರುತ್ತಿತ್ತು. ಚಿಕ್ಕವ್ವ ನಾಗಮಂಗಲದ ಕಡೆಯ ಹೆಣ್ಣು. ಬೆಳ್ಳೂರಿನ ಹತ್ತಿರದ ಬರೀ ರಾಗಿ, ಹುರುಳಿ ಬೆಳೆಯುವ ಊರಿನವಳು. ಹುಳ ಕಂಡದ್ದೇ ಮದುವೆಯಾಗಿ ಬಂದ ಮೇಲೆ. ಆದರೂ ಅವಳ ಕೈ ಹುಳಕ್ಕೆ ಒಗ್ಗಿತು. ಮರಿಹುಳಕ್ಕೆ ಮೊದಲ ಸೊಪ್ಪು ಯಾರು ಹರಡುತ್ತಾರೋ ಆ ಬೆಳೆ ಅವರ ಕೈಯದು ಎನ್ನುವುದು ನಮ್ಮ ಮನೆಯ ಲೆಕ್ಕ. ಚಿಕ್ಕವ್ವ ಬಂದಾಗಿನಿಂದ ಆ ಕೈ ಅವಳದೇ. ಮಕ್ಕಳಾಗದ ಸೊಸೆಗೆ ಆ ಮನೆಯಲ್ಲಿದ್ದ ಜಾಗ ಅದೊಂದೇ ಎಂದು ನನಗೆ ಆಗ ತಿಳಿಯುತ್ತಿರಲಿಲ್ಲ.

ಹುಳ ಸೊಪ್ಪು ಬಿಟ್ಟು ಹಣ್ಣಾಗಿ, ಬಿದಿರು ಹೆಣೆದ ತಟ್ಟಿಯಾದ ಚಂದ್ರಿಕೆ ಹತ್ತಿ ಗೂಡು ಕಟ್ಟುವ ದಿನಗಳಲ್ಲಿ ಅಜ್ಜಿಯ ಕಟ್ಟಳೆಯೊಂದಿತ್ತು. ಗೂಡು ಮುಗಿಯುವ ತನಕ ಮನೆಯಲ್ಲಿ ಯಾರೂ ಗಟ್ಟಿಯಾಗಿ ನಗಬಾರದು, ಗಟ್ಟಿಯಾಗಿ ಅಳಬಾರದು. ಹುಳ ಬೆಚ್ಚಿ ದಾರ ಹರಿದುಕೊಳ್ಳುತ್ತದೆ. ಚಿಕ್ಕವ್ವನಿಗೆ ಇದು ದೊಡ್ಡ ಶಿಕ್ಷೆ. ಅವಳು ಸುಮ್ಮಸುಮ್ಮನೆ ನಗುವವಳು. ಸೆರಗು ಬಾಯಿಗೆ ತುರುಕಿಕೊಂಡು ನನ್ನ ಕಡೆ ನೋಡಿ ಕಣ್ಣಲ್ಲೇ ನಗುವಳು.

"ಕಿಸೀಬ್ಯಾಡ ಕಣೇ, ಹುಳ ಕೇಳುಸ್ಕತವೆ," ಎಂದು ಅಜ್ಜಿ ಗದರುವಳು.

"ಹುಳುಕ್ಕೆ ಕಿವಿ ಎಲ್ಲವೆ ಅತ್ತೆ?"

"ನಿನ್ ಬಾಯಿ ಅಷ್ಟಗಲ ಇರೋವಾಗ ಅವುಕ್ಕೆ ಕಿವಿ ಬ್ಯಾರೆ ಬೇಕಾ?"

ಅಜ್ಜಿಗೂ ನಗು ಬರುತ್ತಿತ್ತು. ಆಕೆ ಅದನ್ನು ಎಲೆಯಡಿಕೆಯ ಜೊತೆ ಅಗಿದು ನುಂಗುತ್ತಿದ್ದಳು.

ನಾನು ಚಿಕ್ಕವಳಿದ್ದಾಗ ಅಲ್ಲಿ ಆಲಿಕಲ್ಲು ಬಿದ್ದ ದಿನವೂ ಯುಗಾದಿ ಇನ್ನೂ ದೂರವಿತ್ತು. ಮಳೆಯ ಯೋಚನೆ ಯಾರಿಗೂ ಇರಲಿಲ್ಲ. ಕೆರೆಯ ಗಾಳಿ ತಾಕಿದರೆ ಗೂಡು ಗಟ್ಟಿಯಾಗುತ್ತದೆ ಎಂದು ಚಂದ್ರಿಕೆಗಳನ್ನೆಲ್ಲ ಅಂಗಳಕ್ಕೆ ತಂದು, ಕೆರೆಯ ಕಡೆ ಮುಖ ಮಾಡಿ ಗೋಡೆಗೆ ಒರಗಿಸಿದ್ದರು. ಹಾಗೆ ಇಡುವುದು ವಾಡಿಕೆ. ಪ್ರತಿ ಬೆಳೆಗೂ ಇಟ್ಟಿದ್ದರು, ಆ ಗಾಳಿಯನ್ನು ನಂಬಿದ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಎಲೆಯೂ ಅಲ್ಲಾಡದಂತಾಯಿತು. ಕೆರೆಯ ನೀರು ನೋಡನೋಡುತ್ತಲೇ ಮಸಿ ಹಿಡಿದ ಹಂಡೆಯ ಬಣ್ಣಕ್ಕೆ ತಿರುಗಿತು. ಆಮೇಲೆ ಬೆಟ್ಟದ ಕಡೆಯಿಂದ ಎದ್ದ ಗಾಳಿ ಅಷ್ಟಗಲದ ನೀರನ್ನು ದಾಟಿ, ಮೊರೆಯುತ್ತಾ ನೇರ ನಮ್ಮ ಅಂಗಳಕ್ಕೆ ನುಗ್ಗಿತು. ಗಂಡಸರು ಗದ್ದೆಯಲ್ಲಿದ್ದರು. ಅಜ್ಜಿ, ಅವ್ವ, ಚಿಕ್ಕವ್ವ ಮೂವರೂ ಚಂದ್ರಿಕೆಗಳತ್ತ ಓಡಿದರು. ಬಾಗಿಲಗಲದ ಚಂದ್ರಿಕೆ ಕೈಗೆತ್ತಿಕೊಂಡರೆ ಗಾಳಿ ಅದನ್ನು ಮನುಷ್ಯರ ಸಮೇತ ತಿರುಗಿಸುತ್ತಿತ್ತು. ಕೆಲವನ್ನು ಒಳಗೆ ಹಾಕಿದರು. ಮಿಕ್ಕವು ಬೋರಲಾಗಿ, ಮುರಿದು, ತಿಪ್ಪೆಯವರೆಗೂ ಉರುಳಿದವು. ಅಷ್ಟರಲ್ಲಿ ಕಲ್ಲು ಬೀಳತೊಡಗಿತು.

ನಾನು ಜಗಲಿಯ ಕಂಬ ತಬ್ಬಿಕೊಂಡು ಕಿರುಚುತ್ತಿದ್ದೆ. ಆಕಾಶದಿಂದ ಕಲ್ಲು ಬೀಳುವುದನ್ನು ಅದುವರೆಗೆ ನಾನು ನೋಡಿರಲಿಲ್ಲ. ಮನೆ ಮುರಿದು ನಾವೆಲ್ಲ ಸಾಯುತ್ತೇವೆ ಎಂದೇ ನಂಬಿದ್ದೆ. ಉಸಿರು ಕಟ್ಟಿ ನನ್ನ ತುಟಿ ಕಪ್ಪಾಗಿತ್ತು ಎಂದು ಅವ್ವ ಎಷ್ಟೋ ವರ್ಷಗಳ ಮೇಲೆ ಒಮ್ಮೆ ಹೇಳಿದಳು. ಚಿಕ್ಕವ್ವ ಕೈಯಲ್ಲಿದ್ದ ಚಂದ್ರಿಕೆಯನ್ನು ಒಳಗೆ ತಳ್ಳಿ, ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಅವಳ ಹಣೆಯಲ್ಲಿ ರಕ್ತವಿತ್ತು. ನೆಲದಿಂದ ಒಂದು ಆಲಿಕಲ್ಲು ಹೆಕ್ಕಿ, ಸೀರೆಗೆ ಒರೆಸಿ, ನನ್ನ ತೆರೆದ ಬಾಯಿಗೆ ಹಾಕಿಬಿಟ್ಟಳು.

"ಕಡಿ ಮಗ, ಕಡಿ! ಸಕ್ಕರೆ ಕಣವ್ವ ಇದು, ಮ್ಯಾಲ್ನೋರು ಸಂತೇಲಿ ಚೀಲ ಹರುದ್ಕಂಬುಟ್ಟವ್ರೆ!"

ಹೇಳಿದವಳೇ ನಕ್ಕಳು. ಗಾಳಿಯ ಸದ್ದನ್ನು ಮೀರಿ, ತಲೆ ಹಿಂದಕ್ಕೆ ಎಸೆದು ನಕ್ಕಳು. ನನ್ನ ಹಲ್ಲಿನ ನಡುವೆ ಕಲ್ಲು ಕಟಕ್ಕೆಂದು ಒಡೆಯಿತು. ಸಿಹಿ ಇರಲಿಲ್ಲ, ಆದರೆ ಇದೆ ಅನ್ನಿಸಿತು. ನಾನೂ ನಕ್ಕೆ. ಒಂದು ಕರಗುವ ಮೊದಲು ಇನ್ನೊಂದು. ನನ್ನ ಬಾಲ್ಯದಲ್ಲಿ ಅದಕ್ಕಿಂತ ಸುಖದ ಗಳಿಗೆ ಇಲ್ಲ. ತಲೆಯೆತ್ತಿದರೆ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು, ಮುರಿದ ಚಂದ್ರಿಕೆಯೊಂದನ್ನು ಹಿಡಿದು.

ಗಾಳಿ ನಿಂತಾಗ ಅಂಗಳವೆಲ್ಲ ಬೆಳ್ಳಗಿತ್ತು. ಆಲಿಕಲ್ಲು ಯಾವುದು, ರೇಷ್ಮೆ ಗೂಡು ಯಾವುದು ಗೊತ್ತಾಗದಂತೆ ಎರಡೂ ಬೆರೆತು ಬಿದ್ದಿದ್ದವು. ಚಿಕ್ಕವ್ವ ಒಂದೊಂದನ್ನೇ ಮುಟ್ಟಿ ನೋಡಿದಳು; ತಣ್ಣಗಿದ್ದದ್ದನ್ನು ಬಿಟ್ಟಳು, ಮೆತ್ತಗಿದ್ದದ್ದನ್ನು ಮಡಿಲಿಗೆ ಹಾಕಿಕೊಂಡಳು. ಮಾರನೆಯ ಬೆಳಿಗ್ಗೆ ಕಲ್ಲೆಲ್ಲ ಕರಗಿ, ಅವಳ ಕೈಗೆ ಸಿಗದೆ ಕೆಸರಲ್ಲಿ ಅದ್ದಿಹೋದ ಗೂಡುಗಳಷ್ಟೇ ಉಳಿದಿದ್ದವು.

"ಬೆಳೆ ನೆಲ ಕಚ್ಚಿರೋವಾಗ ಹಲ್ ಕಿರುದ್ಕಂಡ್ ಕುಂತಿದ್ಲು. ಇವಳ್ ನಗೀಗೇ ದಾರ ಹರುದ್ಹೋಯ್ತು," ಎಂದಳು ಅಜ್ಜಿ. ಬೇಸಾಯದ ಮನೆಯಲ್ಲಿ ಆಕಾಶವನ್ನು ಬೈದು ಪ್ರಯೋಜನವಿಲ್ಲ. ಸೊಸೆ ಕೈಗೆ ಸಿಗುತ್ತಾಳೆ. ಕಟ್ಟಳೆಯಲ್ಲಿ ಅಳುವುದೂ ಸೇರಿತ್ತಲ್ಲ, ಮೊದಲು ಅತ್ತವಳು ನಾನಲ್ಲವೆ? ಅದು ಯಾರಿಗೂ ನೆನಪಿರಲಿಲ್ಲ. ನನ್ನ ಅಳುವಿನ ಮೇಲೆ ಅವಳ ನಗು ಕವುಚಿಕೊಂಡಿತ್ತು. ಮುಂದಿನ ಬೆಳೆಗೆ ಮೊದಲ ಸೊಪ್ಪು ಹರಡಲು ಅಜ್ಜಿ ಅವ್ವನನ್ನು ಕರೆದಳು. ಚಿಕ್ಕವ್ವನಿಗೆ ಹುಳದ ಕೋಣೆಯ ಹೊಸಿಲು ದಾಟುವುದೂ ಬೇಡವೆಂದಾಯಿತು. ಅವಳು ಸಗಣಿ ಬಾಚಿದಳು, ಸೊಪ್ಪು ಹೊತ್ತು ತಂದು ಬಾಗಿಲಲ್ಲೇ ಇಳಿಸಿದಳು, ನಗುವುದನ್ನು ನಿಲ್ಲಿಸಿದಳು. ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಚಿಕ್ಕಪ್ಪನೂ ಅವಳೂ ಟ್ರಂಕು ಹೊತ್ತು ಬಸ್ಸು ಹತ್ತಿದರು. ಬೆಳ್ಳೂರು ಕ್ರಾಸಿನಲ್ಲಿ ಸಣ್ಣದೊಂದು ಹೋಟ್ಲು ಹಾಕಿಕೊಂಡರು. ಒಟ್ಟು ಮನೆ ಎನ್ನುವುದು ಅಲ್ಲಿಗೆ ಮುಗಿಯಿತು.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ಪುಕ್ಕಟೆ ಬಂದದ್ದಲ್ಲ ಅದು. ಸೊಪ್ಪು ಕೊಯ್ದ ಕೈಯಲ್ಲೇ ಪುಸ್ತಕ ಹಿಡಿದೆ, ಹೆಣ್ಣುಮಕ್ಕಳು ಒಂಟಿಯಾಗಿ ಹೋಗದ ಹೊತ್ತಿನ ಬಸ್ಸುಗಳಲ್ಲಿ ಹೋದೆ. ನಿನಗೆ ಹೆದರಿಕೆಯೇ ಇಲ್ಲವಲ್ಲ ಎಂದು ಜನ ಕೇಳುತ್ತಿದ್ದರು. ಎದೆ ಹೊಡೆದುಕೊಂಡಾಗೆಲ್ಲ ಹಲ್ಲಿನ ನಡುವೆ ಆ ಕಲ್ಲು ಕಟಕ್ಕೆನ್ನುತ್ತಿತ್ತು, ಅಷ್ಟೆ. ಫಲಿತಾಂಶ ಬಂದ ವಾರ ಮೈಸೂರ್‌ಪಾಕು ಕಟ್ಟಿಸಿಕೊಂಡು ಬೆಳ್ಳೂರು ಕ್ರಾಸಿಗೆ ಹೋದೆ.

"ಬಾರವ್ವ ಬಿಎ ಪಾಸು! ಇಡ್ಲಿ ತಿಂತೀಯೋ, ಇಂಗ್ಲೀಸ್‌ನಲ್ಲಿ ಕೇಳ್ಬೇಕೋ?" ಎಂದಳು ಚಿಕ್ಕವ್ವ. ಹಣೆಯ ಗಾಯದ ಕಲೆಗೆ ಹಬೆ ತಾಕುತ್ತಿತ್ತು.

ತಿಂದು ಕೈ ತೊಳೆದ ಮೇಲೆ ಕೇಳಿದೆ. "ಅವತ್ತು ನನ್ನ ಅಳು ನಿಲ್ಲಿಸೋಕೆ ನಕ್ಕೆ ಅಲ್ವಾ ಚಿಕ್ಕವ್ವ? ಅಜ್ಜಿಗೆ ಯಾಕ್ ಹೇಳ್ಲಿಲ್ಲ?"

ಅವಳು ಇಡ್ಲಿ ತಟ್ಟೆಗೆ ಬಟ್ಟೆ ಹಾಸುತ್ತಲೇ ಇದ್ದಳು. "ಅಯ್ಯೋ ಬುಡು ಅತ್ಲಾಗೆ. ನಗ ಬಂತು, ನಕ್ಕೆ. ನಾನ್ ನಗಾಡೋಕೂ ನಿನ್ನ ಕೇಳ್ಬೇಕಿತ್ತಾ?"

ಅವಳು ಮನೆ ಬಿಟ್ಟದ್ದು ನನ್ನಿಂದಲ್ಲ ಎಂದು ನನಗೆ ಹಗುರಾಯಿತು. ನಿಜ ಹೇಳಬೇಕೆಂದರೆ, ಅದನ್ನು ಕೇಳಿಸಿಕೊಳ್ಳಲೆಂದೇ ಹೋಗಿದ್ದೆನೇನೋ. ಅವಳ ಮಾತನ್ನು ನಂಬಿಕೊಂಡೇ ಬಸ್ಸು ಹತ್ತಿದೆ, ನಂಬಿಕೊಂಡೇ ಇಷ್ಟು ವರ್ಷ ಇದ್ದೆ. ಅಜ್ಜಿ ಹೋದಳು. ಹುಳದ ಮನೆಯ ಹಂಚು ಇಳಿಸಿದರು. ಆ ಜಾಗದಲ್ಲಿ ಈಗ ಕೆರೆ ನೋಡಲು ಬರುವವರ ಕಾರುಗಳು ನಿಲ್ಲುತ್ತವೆ. ಹೋದ ಮಳೆಗಾಲದಲ್ಲಿ ಚಿಕ್ಕವ್ವನೂ ಹೋದಳು.

ಮಗಳು ಮತ್ತೆ ಚೀರಿದಳು. ಹೊರಗೆ ಕೈಚಾಚಿ ಒಂದು ಆಲಿಕಲ್ಲು ಹೆಕ್ಕಿ, ಒರೆಸಿ, ಒಳಗೆ ಓಡಿದೆ. ಸೂರಿನ ಒಂದು ಶೀಟು ಕಿತ್ತುಬಂದು ದಡದಡ ಬಡಿದುಕೊಳ್ಳುತ್ತಿತ್ತು, ನೀರು ಹಾಸಿಗೆಯ ಮೇಲೆ ಸುರಿಯುತ್ತಿತ್ತು. "ಸಕ್ಕರೆ ಕಣ್ ಮಗ," ಎಂದು ಅವಳ ಬಾಯಿಗೆ ಹಾಕಿದೆ. ಇನ್ನು ನಗಬೇಕಿತ್ತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬಾಯಿ ತೆರೆದೆ. ನನ್ನದು ಒಂದು ಶೀಟು, ಒಂದು ಹಾಸಿಗೆ. ಚಿಕ್ಕವ್ವನದು ಇಡೀ ಬೆಳೆ, ಇಡೀ ಮನೆ. ನಗ ಬಂತು, ನಕ್ಕೆ ಎಂದಿದ್ದಳು. ಆದರೂ ನನ್ನ ಬಾಯಿಂದ ನಗು ಬರಲಿಲ್ಲ.